ಸಹಾಯ ಬೇಕು: ವಿಜಯಪುರದಲ್ಲಿ ಪೂರ್ತಿ ತಾಮ್ರದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಲ್ಲಿ ಸಿಗುತ್ತದೆ?

ನಮಸ್ಕಾರ್ರಿ. ಕಾಲೇಜಿನ ನೆಟ್‌ವರ್ಕಿಂಗ್ ಲ್ಯಾಬಿನಲ್ಲಿ 24 ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ಇದೆ. ಹುಡುಗರು ಎಳೆದ ಲೈನುಗಳ ಪೈಕಿ ಆರು 100 ಎಂಬಿಪಿಎಸ್‌ಗೇ ನಿಂತಿದ್ದವು. 100ಕ್ಕೆ 1, 2, 3, 6 ಪಿನ್ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನಾಲ್ಕರಲ್ಲಿ ಕಂದು ತಂತಿ ಕನೆಕ್ಟರಿನ ತುದಿ ಮುಟ್ಟಿರಲಿಲ್ಲ. ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದ ಮೇಲೆ, ಅಂದರೆ ಕನೆಕ್ಟರ್ ಒತ್ತಿ ಕೂರಿಸಿದ ಮೇಲೆ, ಸರಿಹೋದವು.

ತಲೆನೋವು ಉಳಿದ ಎರಡರದು. ಬಣ್ಣದ ಕ್ರಮ ಎರಡೂ ತುದಿಯಲ್ಲಿ ಟಿ568ಬಿ ಎಂಬ ತಂತಿ ಜೋಡಣೆಯ ಮಾನದಂಡದ ಪ್ರಕಾರವೇ ಇದೆ, ದೀಪದ ಟೆಸ್ಟರಿನಲ್ಲಿ ಎಂಟೂ ಹತ್ತುತ್ತವೆ. ಪ್ಲಗ್ ಸ್ವಲ್ಪ ಅಲುಗಿದರೆ ಲಿಂಕ್ ಹೋಗಿ ಬರುತ್ತದೆ. ತಂತಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಅಂದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎರಡು ಸಲ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. 40 ಮೀಟರ್ ಲೈನಿನ ಒಂದು ಜೋಡಿಯನ್ನು ಆ ತುದಿಯಲ್ಲಿ ಶಾರ್ಟ್ ಮಾಡಿ ಈ ತುದಿಯಲ್ಲಿ ಮೀಟರ್ ಹಿಡಿದರೆ 9 ಓಮ್ ದಾಟುತ್ತದೆ. 100 ಮೀಟರ್ ತಂತಿಗೆ ಗರಿಷ್ಠ 9.38 ಓಮ್ ಎಂಬ ಲೆಕ್ಕದಲ್ಲಿ ಹೋಗಿಬರುವ 80 ಮೀಟರಿಗೆ ಇದು 7.5 ದಾಟಬಾರದು. ಡಬ್ಬಿಯ ಮೇಲೆ ಮಾತ್ರ ದೊಡ್ಡದಾಗಿ 'ಕ್ಯಾಟ್ 6'!

ಬೇಕಾಗಿರುವುದು 23 ಎಡಬ್ಲ್ಯುಜಿ (ತಂತಿಯ ದಪ್ಪದ ಅಳತೆ), ಪೂರ್ತಿ ತಾಮ್ರದ 305 ಮೀಟರಿನ ಒಂದು ಡಬ್ಬಿ. ಅಂಗಡಿಯಲ್ಲೇ ತುದಿ ಕೆರೆದು ನೋಡಲು ಬಿಡಬೇಕು. ಇಲ್ಲಿ ಇಲ್ಲದಿದ್ದರೆ ಬೆಳಗಾವಿ, ಸೊಲ್ಲಾಪುರವಾದರೂ ನಡೆಯುತ್ತದೆ. ಯಾರ ಹತ್ತಿರವಾದರೂ ಕೇಬಲ್ ಸರ್ಟಿಫೈಯರ್ (ಕೇಬಲ್ ಮಾನದಂಡಕ್ಕೆ ತಕ್ಕಂತಿದೆಯೇ ಎಂದು ಅಳೆಯುವ ಉಪಕರಣ) ಇದ್ದರೆ ಒಂದು ದಿನದ ಬಾಡಿಗೆ ಎಷ್ಟು ಅಂತ ಹೇಳ್ರಿ. ಸ್ಪ್ಲಿಟ್ ಪೇರ್ (ಪಿನ್ನಿಂದ ಪಿನ್ನಿಗೆ ಸರಿಯಿದ್ದರೂ ಒಂದು ಜೋಡಿಗೆ ಬೇರೆ ಬೇರೆ ಹೆಣಿಗೆಯ ತಂತಿ ಸೇರಿರುವ ತಪ್ಪು) ಕೂಡ ದೀಪದ ಟೆಸ್ಟರಿಗೆ ಸಿಕ್ಕಿಬೀಳುವುದಿಲ್ಲ, ಅದನ್ನೂ ಹುಡುಗರಿಗೆ ತೋರಿಸಬೇಕಾಗಿದೆ.