ಡೇಟಾಬೇಸ್ ‘ಮೈಗ್ರೇಶನ್’ಗೆ ‘ವಲಸೆ’ ಸರಿಯೇ? ‘ತಿದ್ದುಪಡಿ’ ಆಗಬಹುದೇ?

ಗೆಳೆಯರೇ,

ಡೇಟಾಬೇಸ್ ಕೆಲಸದವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಮೈಗ್ರೇಶನ್’ ಪದದ ಹತ್ತಿರ ಬಂದು ನಿಂತಿದ್ದೇನೆ. ‘ವಲಸೆ’ ಅಂತ ಬರೆದರೆ ಅರ್ಥ ಹಾದಿ ತಪ್ಪುತ್ತದೆ ಅನ್ನಿಸುತ್ತಿದೆ.

ಒರಾಕಲ್ ಎಂಬ ಡೇಟಾಬೇಸ್‌ನಲ್ಲಿದ್ದ ಮಾಹಿತಿಯನ್ನೆಲ್ಲ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದಕ್ಕೆ ಸಾಗಿಸಿದರೆ ಅದು ವಲಸೆಯೇ, ತಕರಾರಿಲ್ಲ. ಆದರೆ ಈಗ ಡೆವಲಪರ್‌ಗಳು ದಿನಾ ಹೇಳುವ ಮೈಗ್ರೇಶನ್ ಬೇರೆ. ಗ್ರಾಹಕರ ಟೇಬಲ್‌ಗೆ ಇಮೇಲ್ ಕಾಲಂ ಸೇರಿಸಬೇಕು ಅಂದುಕೊಳ್ಳಿ. ನೇರವಾಗಿ ಸರ್ವರ್‌ಗೆ ಹೋಗಿ ‘ಆಲ್ಟರ್ ಟೇಬಲ್’ (ಟೇಬಲ್‌ನ ರಚನೆ ಬದಲಿಸುವ ಆದೇಶ) ಕೊಡುವುದಿಲ್ಲ. ಆ ಆದೇಶವನ್ನು ಒಂದು ಪುಟ್ಟ ಫೈಲ್‌ನಲ್ಲಿ ಬರೆದು, ನಂಬರ್ ಕೊಟ್ಟು, ಉಳಿದ ಕೋಡ್ ಜೊತೆ ಗಿಟ್‌ಗೆ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಟೂಲ್) ಹಾಕುತ್ತಾರೆ. ಫ್ಲೈವೇ, ಲಿಕ್ವಿಬೇಸ್ ತರಹದ ಟೂಲ್‌ಗಳು ಯಾವ ಫೈಲ್ ಓಡಿದೆ ಎಂಬುದನ್ನು ಅದೇ ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಬರೆದಿಟ್ಟುಕೊಂಡು, ಬಾಕಿ ಇರುವುದನ್ನು ಮಾತ್ರ ಸಾಲಾಗಿ ಓಡಿಸುತ್ತವೆ. ಇಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ, ಅಲ್ವಾ? ಟೇಬಲ್ ಇದ್ದಲ್ಲೇ ಇದೆ, ಅದರ ರಚನೆ ಬದಲಾಯಿತು ಅಷ್ಟೇ. ‘ಒಂದು ಮೈಗ್ರೇಶನ್ ಬರೆದೆ’ ಅನ್ನುತ್ತೇವೆ. ‘ಒಂದು ವಲಸೆ ಬರೆದೆ’ ಅಂದರೆ ಕಿವಿಗೆ ಒಗ್ಗುವುದೇ ಇಲ್ಲ.

ನನ್ನ ಒಲವು ‘ತಿದ್ದುಪಡಿ’ ಕಡೆಗೆ. ಕಾನೂನಿನ ತಿದ್ದುಪಡಿಯ ಗುಣಗಳೆಲ್ಲ ಇದಕ್ಕಿವೆ. ಒಂದಾದ ಮೇಲೊಂದು ಬರುತ್ತದೆ. ಜಾರಿಯಾದದ್ದನ್ನು ಮತ್ತೆ ಮುಟ್ಟುವ ಹಾಗಿಲ್ಲ. ಬೇಡವೆಂದರೆ ಇನ್ನೊಂದು ತಿದ್ದುಪಡಿಯನ್ನೇ ತರಬೇಕು. ಫ್ಲೈವೇಯಲ್ಲೂ ಹೀಗೆಯೇ: ಓಡಿಹೋದ ನಂಬರಿನ ಫೈಲ್‌ನಲ್ಲಿ ಆಮೇಲೆ ಏನಾದರೂ ಬದಲಾಯಿಸಿದರೆ ಚೆಕ್‌ಸಮ್ (ಫೈಲ್‌ನಲ್ಲಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೊಂದುವುದಿಲ್ಲ, ಟೂಲ್ ಮುಂದೆ ಹೋಗಲು ಒಪ್ಪುವುದಿಲ್ಲ.

ಒಂದು ತೊಡಕಿದೆ. ಅರ್ಜಿಗಳಲ್ಲಿ ‘ವಿಳಾಸ ತಿದ್ದುಪಡಿ’ ಅನ್ನುತ್ತೇವೆ. ಅದು ಮಾಹಿತಿಯ ಬದಲಾವಣೆ, ರಚನೆಯದ್ದಲ್ಲ. ಅದಕ್ಕೇ ಮೊದಲ ಸಲ ಬಂದಾಗ ‘ರಚನೆ ತಿದ್ದುಪಡಿ’ ಅಂತ ಬರೆದು, ಮುಂದೆ ‘ತಿದ್ದುಪಡಿ’ ಅಂದರೆ ಸಾಕೇನೋ. ‘ಮಾರ್ಪಾಟು’ ಕೂಡ ನೋಡಿದೆ. ಅದು ಯಾವ ಬದಲಾವಣೆಗೂ ಹೊಂದುತ್ತದೆ, ತೀರಾ ಸಡಿಲ.

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ರೋಲ್‌ಬ್ಯಾಕ್’. ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಒಟ್ಟಿಗೆ ಆಗಬೇಕಾದ, ಇಲ್ಲವೇ ಒಂದೂ ಆಗಬಾರದ ಆದೇಶಗಳ ಗುಂಪಿನಲ್ಲಿ) ಇದರ ಅರ್ಥ ‘ನಡೆದೇ ಇಲ್ಲ ಎಂಬಂತೆ ರದ್ದು’. ಮೈಗ್ರೇಶನ್ ವಿಷಯಕ್ಕೆ ಬಂದಾಗ ಹಾಗಲ್ಲ. ಕಾಲಂ ಅಳಿಸಿದ ಮೈಗ್ರೇಶನ್ನನ್ನು ‘ಡೌನ್’ ಫೈಲ್ (ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಲು ಬರೆದ ಫೈಲ್) ಓಡಿಸಿ ಹಿಂದಿರುಗಿಸಿದರೆ ಕಾಲಂ ಬರುತ್ತದೆ, ಅದರೊಳಗಿದ್ದ ಮಾಹಿತಿ ಬರುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ‘ಆಲ್ಟರ್ ಟೇಬಲ್’ ಕೊಟ್ಟ ಕೂಡಲೇ ಕಮಿಟ್ ಆಗಿಬಿಡುತ್ತದೆ, ಅಂದರೆ ಬದಲಾವಣೆ ಖಾಯಂ ಆಗುತ್ತದೆ. ಫೈಲ್ ಅರ್ಧದಲ್ಲಿ ಕೆಟ್ಟರೆ ಅಲ್ಲಿಯವರೆಗಿನ ಬದಲಾವಣೆ ಹಾಗೇ ಉಳಿಯುತ್ತದೆ. ಟ್ರಾನ್ಸಾಕ್ಷನ್, ಮೈಗ್ರೇಶನ್ ಎರಡರ ರೋಲ್‌ಬ್ಯಾಕ್‌ಗೂ ‘ಹಿಂತೆಗೆತ’ ಅಂತ ಒಂದೇ ಪದ ಇಟ್ಟರೆ, ಹೊಸಬರು ಎಲ್ಲವೂ ವಾಪಸ್ ಬರುತ್ತದೆ ಎಂದು ನಂಬಿ ಮಾಹಿತಿ ಕಳೆದುಕೊಳ್ಳಬಹುದು.

ಟ್ರಾನ್ಸಾಕ್ಷನ್‌ಗೆ ‘ರದ್ದು’, ಡೌನ್ ಫೈಲ್‌ಗೆ ‘ಎದುರು ತಿದ್ದುಪಡಿ’ ಅಂತ ಬೇರೆಬೇರೆ ಇಡೋಣವೇ? ‘ಎದುರು’ ಅನ್ನುವುದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಇದಕ್ಕಿಂತ ಹಗುರವಾದ ಪದ ನಿಮ್ಮ ತಂಡದಲ್ಲಿ ಆಗಲೇ ಬಳಕೆಯಲ್ಲಿದ್ದರೆ ದಯವಿಟ್ಟು ಬಳಸಿದ ಒಂದು ವಾಕ್ಯದ ಸಮೇತ ತಿಳಿಸಿ.