ಕಣ್ಣಿನ ಪ್ರೆಷರಿಗೆ ಸ್ಟೆಂಟ್: ಅಪ್ಪನಿಗೆ ಇಡಿಸಬಹುದಾ?

ಪ್ರಶ್ನೆ (ಪೆರ್ಲದಿಂದ): ಡಾಕ್ಟ್ರೇ, ನಮಸ್ಕಾರ. ಅಪ್ಪನಿಗೆ 68 ವರ್ಷ, ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ. ಎರಡು ಬಗೆ ಡ್ರಾಪ್ಸ್ ಹಾಕಿದರೂ ಪ್ರೆಷರ್ 24ರಿಂದ ಇಳಿಯುತ್ತಿಲ್ಲ. ಪೊರೆಯೂ ಬಂದಿದೆ. ಪೊರೆ ತೆಗೆಯುವಾಗಲೇ ಚಿಕ್ಕ ಸ್ಟೆಂಟ್ ಇಡಬಹುದು ಅಂತ ಮಂಗಳೂರಿನಲ್ಲಿ ಹೇಳಿದರು. ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ತೊಂದರೆ ಆಗಬಹುದಾ? ಅಡಿಕೆ ಕೊಯ್ಲು ಬೇರೆ ಹತ್ತಿರ ಬಂತು.

ಉತ್ತರ (ಕಣ್ಣಿನ ಡಾಕ್ಟರ್): ಇಡಿಸಬಹುದು. ಆದರೆ ಮರುದಿನವೇ ತೋಟಕ್ಕೆ ಇಳಿಯುವ ಲೆಕ್ಕ ಬೇಡ. ಇದರಲ್ಲಿ ಸಣ್ಣದಿರುವುದು ಗಾಯ ಮಾತ್ರ.

ತೋಟದ ಕಣಿಯಲ್ಲಿ ಮಣ್ಣು ತುಂಬಿದರೆ ನೀರು ನಿಲ್ಲುತ್ತದೆ ಅಲ್ವಾ? ಕಣ್ಣೊಳಗಿನ ನೀರು ಬಸಿಯುವ ಜಾಲರಿಯೂ ಹಾಗೇ. ಸ್ಟೆಂಟ್ ಅಲ್ಲಿ ದಾರಿ ಬಿಡಿಸುತ್ತದೆ. ಆ ದಾರಿ ಕೊನೆಗೆ ಸೇರುವುದು ರಕ್ತನಾಳಕ್ಕೆ. ಅದರಿಂದ ಸ್ವಲ್ಪ ರಕ್ತ ಕಣ್ಣೊಳಗೆ ಹಿಂದಕ್ಕೆ ಬರುವುದುಂಟು. ಜಾಸ್ತಿ ಕಾಣುವ ತೊಂದರೆ ಇದೇ. ಕೂತಾಗ ಕಪ್ಪುಗುಡ್ಡೆಯ ಕೆಳಗೆ ಕೆಂಪು ಗೆರೆ ನಿಲ್ಲುತ್ತದೆ. ಮಲಗಿ ಎದ್ದರೆ ಕದಡಿ ಎಲ್ಲ ಮಂಜು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಕರಗುತ್ತದೆ. ತಲೆ ಎತ್ತರಕ್ಕಿಟ್ಟು ಮಲಗಲಿ. ಬಗ್ಗಿ ಅಡಿಕೆ ಹೆಕ್ಕುವುದು, ಗೋಣಿ ಎತ್ತುವುದು ಡಾಕ್ಟರ್ ಒಪ್ಪುವವರೆಗೆ ಬೇಡವೇ ಬೇಡ. ರಕ್ತದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹೃದಯದ ಡಾಕ್ಟರನ್ನೂ ಕೇಳಿ.

ನನಗೆ ಹೆಚ್ಚು ಚಿಂತೆ ಪ್ರೆಷರಿನದು. ಮೊದಲ ದಿನಗಳಲ್ಲಿ ಅದು ಏಕ್ದಮ್ ಏರಬಹುದು, ನೋವೇ ಇಲ್ಲದೆಯೂ. ಕೆಲವರಿಗೆ ಆಪರೇಷನ್ ನಂತರ ಹಾಕುವ ಸ್ಟಿರಾಯ್ಡ್ ಡ್ರಾಪ್ಸಿನಿಂದಲೂ ಏರುತ್ತದೆ. ಅದಕ್ಕೇ ಮರುದಿನದ ತಪಾಸಣೆ ತಪ್ಪಿಸಬಾರದು. ದೂರ ಅಂತಾದರೆ ಆ ರಾತ್ರಿ ಮಂಗಳೂರಿನಲ್ಲೇ ಉಳಿಯಿರಿ.

ಸ್ಟೆಂಟ್ ಸರಿಯಬಹುದು, ಕಟ್ಟಿಕೊಳ್ಳಬಹುದು. ಸೋಂಕು ಅಪರೂಪ, ಆದರೆ ನೋವು, ಕೆಂಪು ಜಾಸ್ತಿಯಾಗಿ ದೃಷ್ಟಿ ಇಳಿದರೆ ಅದೇ ದಿನ ಓಡಬೇಕು. ಯಾವ ಸ್ಟೆಂಟ್ ಅಂತಲೂ ಕೇಳಿ. ಸೈಪಾಸ್ ಎಂಬ ಸ್ಟೆಂಟನ್ನು 2018ರಲ್ಲಿ ಕಂಪನಿಯೇ ಹಿಂದಕ್ಕೆ ಪಡೆಯಿತು. ಅದನ್ನು ಇಡಿಸಿದವರಲ್ಲಿ ಐದು ವರ್ಷದ ಹೊತ್ತಿಗೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಳಪದರದ ಕೋಶಗಳು ಜಾಸ್ತಿ ನಾಶವಾಗಿದ್ದವು. ಅಪ್ಪನಿಗೆ ಹೇಳಿರುವುದು ಜಾಲರಿಯ ಸ್ಟೆಂಟ್ ಇರಬೇಕು, ಅದು ಬೇರೆ ಜಾತಿ.

ಮರುಪ್ರಶ್ನೆ (ಬದಿಯಡ್ಕದಿಂದ): ಆಮೇಲೆ ಡ್ರಾಪ್ಸ್ ಬೇಡ್ವಾ ಸರ್? ನನ್ನ ಅತ್ತೆಗೂ ಇದನ್ನೇ ಹೇಳಿದ್ದಾರೆ.

ಉತ್ತರ: ಕೆಲವರಿಗೆ ಪೂರ್ತಿ ನಿಲ್ಲುತ್ತದೆ, ಹಲವರಿಗೆ ಒಂದಾದರೂ ಉಳಿಯುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಲು ಇದು. ರೋಗ ತುಂಬಾ ಮುಂದುವರಿದಿದ್ದರೆ ಹಳೆಯ ದೊಡ್ಡ ಆಪರೇಷನ್ನೇ ಬೇಕಾಗಬಹುದು. ಅತ್ತೆಯವರ ಫೀಲ್ಡ್ ಟೆಸ್ಟ್ (ಸುತ್ತಲೂ ಎಷ್ಟು ಕಾಣುತ್ತದೆ ಎಂದು ನೋಡುವ ಪರೀಕ್ಷೆ) ರಿಪೋರ್ಟ್ ಇದ್ದರೆ ಹೆಸರು ಮುಚ್ಚಿ ಇಲ್ಲಿ ಹಾಕಿ, ನೋಡುತ್ತೇನೆ.