ಜೀವಕೋಶದೊಳಗಿನ ‘ಸೆನ್ಸರ್’: ಸಂವೇದಕವೋ, ಸೂಚಕವೋ?

ಸ್ನೇಹಿತರಿಗೆ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಜೀವಕೋಶದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬದುಕಿರುವ ಕೋಶದೊಳಗೆ ಆಮ್ಲೀಯತೆ ಎಷ್ಟಿದೆ, ಕ್ಯಾಲ್ಸಿಯಂ ಎಷ್ಟಿದೆ ಎಂಬುದನ್ನು ಬೆಳಕಿನ ಮೂಲಕ ತಿಳಿಸುವ ಅಣುಗಳಿವೆಯಲ್ಲ, ಅವುಗಳನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

‘ಸಂವೇದಕ’ ಪತ್ರಿಕೆಗಳಲ್ಲಿ ಈಗಾಗಲೇ ನೆಲೆಯೂರಿದೆ. ಆದರೆ ಆ ಪದ ಕೇಳಿದೊಡನೆ ಮನಸ್ಸಿಗೆ ಬರುವುದು ತಂತಿ, ಬ್ಯಾಟರಿ ಇರುವ ಒಂದು ಸಾಧನ. ಇಲ್ಲಿರುವುದು ಬರಿಯ ಅಣು. ‘ಬಣ್ಣ’ ಎಂದರೂ ಸಾಲದು. ಬಣ್ಣ ಹಚ್ಚಿದರೆ ಯಾವ ಭಾಗ ಎಲ್ಲಿದೆ ಎಂಬುದು ಕಾಣುತ್ತದೆ, ಅಲ್ಲಿನ ಸ್ಥಿತಿ ಹೇಗಿದೆ ಎಂಬುದು ತಿಳಿಯುವುದಿಲ್ಲ.

ಬೆಂಗಳೂರಿನದೇ ಉದಾಹರಣೆ ಕೊಡುತ್ತೇನೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ‘ಐ-ಸ್ವಿಚ್’ ಎಂಬ ಅಣುವನ್ನು ಪ್ರಕಟಿಸಿತು. ಅದನ್ನು ಕಟ್ಟಿರುವುದು ಡಿಎನ್‌ಎ ಎಳೆಗಳಿಂದ. ಸುತ್ತಲಿನ ಆಮ್ಲೀಯತೆ ಏರಿದಾಗ ಸೈಟೊಸಿನ್ (ಡಿಎನ್‌ಎಯ ನಾಲ್ಕು ಘಟಕಗಳಲ್ಲೊಂದು) ಹೆಚ್ಚಾಗಿರುವ ಅದರ ತುದಿಗಳು ಪರಸ್ಪರ ಹೆಣೆದುಕೊಂಡು ಅಣು ಮಡಚಿಕೊಳ್ಳುತ್ತದೆ. ಅದಕ್ಕೆ ಜೋಡಿಸಿದ ಎರಡು ವರ್ಣಕಗಳು ಆಗ ಹತ್ತಿರ ಬರುತ್ತವೆ, ಒಂದು ಹೀರಿದ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ, ಹೊಮ್ಮುವ ಬೆಳಕಿನ ಬಣ್ಣವೇ ಬದಲಾಗುತ್ತದೆ. ಪಿಎಚ್ 5.5ರಿಂದ 6.8ರವರೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೋಶವು ಹೊರಗಿನಿಂದ ಒಳಗೆಳೆದುಕೊಂಡ ಪುಟ್ಟ ಚೀಲಗಳು ಮುಂದೆ ಸಾಗುತ್ತ ಹೇಗೆ ಹುಳಿಯೇರುತ್ತವೆ ಎಂಬುದನ್ನು ಹಣ್ಣುನೊಣದ ಜೀವಂತ ಕೋಶಗಳಲ್ಲಿ ಹೀಗೆ ನೋಡಿದರು. ಎಷ್ಟು ಸೊಗಸಾದ ಕೆಲಸ! ಅದಕ್ಕೆ ತಕ್ಕ ಪದ ನಮ್ಮಲ್ಲಿ ಇರಲೇಬೇಕು ಎಂದು ನನಗೆ ಅನಿಸುವುದು ಇದಕ್ಕೇ.

ನನ್ನ ಒಲವು ‘ಸೂಚಕ’ದ ಕಡೆಗೆ. ಲಿಟ್ಮಸ್ ಮತ್ತು ಫಿನಾಲ್ಫ್‌ಥಲೀನ್‌ಗಳನ್ನು ಮಕ್ಕಳು ಸೂಚಕಗಳೆಂದೇ ಓದಿರುತ್ತಾರೆ. ಕೋಶದೊಳಗೆ ನಡೆಯುವುದೂ ಅದೇ ಬಗೆಯ ಕೆಲಸ. ಲಿಟ್ಮಸ್ ಆಮ್ಲವೋ ಪ್ರತ್ಯಾಮ್ಲವೋ ಎಂದಷ್ಟೇ ಹೇಳುತ್ತದೆ, ಇವು ಪ್ರಮಾಣವನ್ನೂ ತಿಳಿಸುತ್ತವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ನಿಜ. ರಸಾಯನವಿಜ್ಞಾನಿ ರೋಜರ್ ತ್ಸಿಯೆನ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಫ್ಯೂರಾ-2 ಎಂಬ ಅಣುವನ್ನೇ ನೋಡಿ. ಕ್ಯಾಲ್ಸಿಯಂ ಅಂಟಿದಾಗ ಅದು 340 ನ್ಯಾನೋಮೀಟರ್ ತರಂಗದೂರದ ಬೆಳಕಿಗೆ ಹೆಚ್ಚು ಹೊಳೆಯುತ್ತದೆ, 380ಕ್ಕೆ ಕಡಿಮೆ. ಎರಡರ ಅನುಪಾತದಿಂದ ಕ್ಯಾಲ್ಸಿಯಂ ಮಟ್ಟವನ್ನು ಲೆಕ್ಕ ಹಾಕುತ್ತಾರೆ. ಆದರೂ ಅಳೆಯುವುದು ಸೂಕ್ಷ್ಮದರ್ಶಕದ ಕ್ಯಾಮೆರಾ, ಅಣು ಮಾಡುವುದು ಸೂಚನೆ ಮಾತ್ರ. ಆದ್ದರಿಂದ ‘ಮಾಪಕ’ ಬೇಡ ಎನ್ನುತ್ತೇನೆ.

ಇನ್ನೊಂದು ತೊಡಕು ಈ ಅಣುಗಳ ಹೊಳಪಿಗೆ (ಫ್ಲೋರೆಸೆನ್ಸ್) ಬಳಸುವ ‘ಪ್ರತಿದೀಪ್ತಿ’ ಎಂಬ ಪದದ್ದು. ಪ್ರತಿಫಲನ, ಪ್ರತಿಬಿಂಬಗಳನ್ನು ಕಲಿತ ಮಗು ಇದನ್ನೂ ಬೆಳಕು ತಟ್ಟಿ ಹಿಂದಿರುಗುವುದು ಎಂದೇ ತಿಳಿಯಬಹುದು. ಅಣುವಾದರೋ ಬೆಳಕನ್ನು ಹೀರಿ, ಸಾಮಾನ್ಯವಾಗಿ ಹೆಚ್ಚಿನ ತರಂಗದೂರದ ಬೇರೆ ಬೆಳಕನ್ನು ಸೂಸುತ್ತದೆ: ನೀಲಿ ಒಳಗೆ, ಹಸಿರು ಹೊರಗೆ. ಈ ಪದವನ್ನು ಬಿಡಲು ನನಗೆ ಮನಸ್ಸಿಲ್ಲ, ಮೊದಲ ಬಳಕೆಯಲ್ಲೇ ಒಂದು ಸಾಲಿನ ವಿವರಣೆ ಕೊಟ್ಟು ‘ಪ್ರತಿದೀಪ್ತ ಸೂಚಕ’ ಎಂದು ಮುಂದುವರಿಯಬೇಕೆಂದಿದ್ದೇನೆ.

ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುವವರು ತರಗತಿಯಲ್ಲಿ ಏನು ಬಳಸುತ್ತೀರಿ? ‘ಸೂಚಕ’ದಿಂದ ಮಕ್ಕಳಿಗೆ ಗೊಂದಲವಾಗುವ ಸಂದರ್ಭ ಕಂಡಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.